ಮಹಾನಿರ್ಮಾಣಗಳ ಅಂದಾಜೂ ನಾಯಕತ್ವವೂ

೧. ವಿಷಯನಿರ್ದೇಶ

ರೈಲುಮಾರ್ಗ, ಸೇತುವೆ, ಸುರಂಗ, ಅಣೆಕಟ್ಟು, ವಿಮಾನನಿಲ್ದಾಣ ಮೊದಲಾದ ದೊಡ್ಡ ನಿರ್ಮಾಣಗಳನ್ನು ಕುರಿತು ಜನಸಾಮಾನ್ಯರಿಗೆ ಇರುವ ಅರಿವು ಬಹುಮಟ್ಟಿಗೆ ಎರಡು ದಿನಗಳಿಗೆ ಸೇರಿದುದು. ಒಂದು ಶಂಕುಸ್ಥಾಪನೆಯ ದಿನ, ಮತ್ತೊಂದು ಪ್ರಾರಂಭೋತ್ಸವದ ದಿನ. ಇವೆರಡರ ನಡುವೆ ಕಳೆಯುವ ಹತ್ತು ಹದಿನೈದು ವರ್ಷಗಳಲ್ಲಿ ಮೊದಲು ಹೇಳಿದ ವೆಚ್ಚವು ಎಷ್ಟಾಯಿತು, ಹೇಳಿದ ಕಾಲವು ಎಷ್ಟು ಬೆಳೆಯಿತು, ಬರುವುದೆಂದ ಪ್ರಯೋಜನವು ಬಂದಿತೇ ಎಂಬುದನ್ನು ಲೆಕ್ಕವಿಟ್ಟು ನೋಡುವವರು ವಿರಳ. ಆದರೆ ಈ ಲೆಕ್ಕದ ಹೊರೆಯನ್ನು ಹೊರುವವರು ಮಾತ್ರ ಆ ಜನರೇ. ತೆರಿಗೆಯನ್ನು ತೆರುವವರು ಅವರು. ನೆಲವನ್ನು ಬಿಟ್ಟುಕೊಡುವವರು ಅವರು. ಕಾರ್ಯವು ಅರ್ಧಕ್ಕೆ ನಿಂತರೆ ಅಗೆದ ಬೀದಿಯ ಬದಿಯಲ್ಲಿ ಅಂಗಡಿಯನ್ನಿಟ್ಟುಕೊಂಡು ನಷ್ಟವನ್ನನುಭವಿಸುವವರೂ ಅವರೇ.

ಈ ವಿಷಯವು ಕಳೆದ ಕೆಲವು ದಶಕಗಳಿಂದ ವಿಶ್ವವಿದ್ಯಾನಿಲಯಗಳಲ್ಲಿ ಕ್ರಮವಾದ ಪರಿಶೋಧನೆಗೆ ಒಳಪಟ್ಟಿರುವುದು. ಡೆನ್ಮಾರ್ಕಿನ ಆಲ್‌ಬೋರ್ಗ್ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ, ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಇವು ಈ ಶಾಸ್ತ್ರದ ಮುಖ್ಯ ಪೀಠಗಳು. ಅಲ್ಲಿ ನಡೆದಿರುವ ವಿಚಾರದ ಸಾರವನ್ನೂ, ಅದರ ವಿಷಯವಾಗಿ ಹುಟ್ಟಿರುವ ಆಕ್ಷೇಪಗಳನ್ನೂ, ಮಹಾಕಾರ್ಯಗಳನ್ನು ನಡೆಸತಕ್ಕವರಿಗೆ ಅದರಿಂದ ದೊರೆಯುವ ಬೋಧೆಯನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

೨. ಲೆಕ್ಕವು ಹೇಳುವುದೇನು

ಈ ಪರಿಶೋಧನೆಗೆ ಗಟ್ಟಿಯಾದ ತಳಹದಿಯನ್ನು ಹಾಕಿದವರು ಆಲ್‌ಬೋರ್ಗಿನ ಪ್ರಾಧ್ಯಾಪಕ ಬೆಂಟ್ ಫ್ಲ್ಯೂಬ್ಯಾರ್ಗ್ ಮತ್ತು ಅವರ ಸಂಗಡಿಗರು. ಇವರು ೨೦ ದೇಶಗಳ ೨೫೮ ಸಾರಿಗೆ ನಿರ್ಮಾಣಗಳ ಲೆಕ್ಕಗಳನ್ನು ಸಂಗ್ರಹಿಸಿ, ಕಟ್ಟಲು ನಿಶ್ಚಯಿಸಿದ ಕಾಲದ ಅಂದಾಜನ್ನು ಕೊನೆಗೆ ಆದ ವೆಚ್ಚದೊಡನೆ ಹೋಲಿಸಿ, ೨೦೦೨ರಲ್ಲಿ ಫಲವನ್ನು ಪ್ರಕಟಿಸಿದರು. ಹಣದುಬ್ಬರದಿಂದಾದ ಹೆಚ್ಚಳವನ್ನು ಕಳೆದಮೇಲೆ ಕಂಡುಬಂದುದು ಹೀಗೆ: ಹತ್ತರಲ್ಲಿ ಒಂಬತ್ತು ಕಾರ್ಯಗಳಲ್ಲಿ ವೆಚ್ಚವು ಅಂದಾಜನ್ನು ಮೀರಿತ್ತು. ಮೀರಿದ ಸರಾಸರಿ ಪ್ರಮಾಣವು ರೈಲುಮಾರ್ಗಗಳಲ್ಲಿ ನೂರಕ್ಕೆ ೪೪.೭, ಸೇತುವೆ ಸುರಂಗಗಳಲ್ಲಿ ೩೩.೮, ರಸ್ತೆಗಳಲ್ಲಿ ೨೦.೪. ಇದಕ್ಕಿಂತಲೂ ವಿಚಾರಾರ್ಹವಾದ ಅಂಶವು ಮತ್ತೊಂದುಂಟು. ಹಿಂದಿನ ೭೦ ವರ್ಷಗಳ ಲೆಕ್ಕಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದರೂ ಈ ತಪ್ಪಿನ ಪ್ರಮಾಣವು ಇಳಿದಿರಲಿಲ್ಲ.

ವೆಚ್ಚವನ್ನು ಕಡಮೆಯಾಗಿ ಎಣಿಸಿದಂತೆಯೇ ಪ್ರಯೋಜನವನ್ನು ಹೆಚ್ಚಾಗಿ ಎಣಿಸುವುದೂ ರೂಢಿಯಾಗಿತ್ತು. ೧೪ ದೇಶಗಳ ೨೧೦ ಕಾರ್ಯಗಳನ್ನು ಪರೀಕ್ಷಿಸಿ ೨೦೦೫ರಲ್ಲಿ ಅದೇ ಮಂಡಲಿಯವರು ತೋರಿಸಿದಂತೆ, ರೈಲುಮಾರ್ಗಗಳಲ್ಲಿ ನೂರು ಮಂದಿ ಪ್ರಯಾಣಿಕರು ಬರುವರೆಂದು ಹೇಳಿದ ಕಡೆ ಸರಾಸರಿಯಾಗಿ ಐವತ್ತು ಮಂದಿಯೂ ಬರಲಿಲ್ಲ. ಹೀಗೆ ತಕ್ಕಡಿಯ ಒಂದು ತಟ್ಟೆಯನ್ನು ಹಗುರಮಾಡಿ, ಮತ್ತೊಂದು ತಟ್ಟೆಗೆ ಭಾರವನ್ನು ಸೇರಿಸಿದಂತಾಗಿ, ಕಟ್ಟಬಾರದ ಕಾರ್ಯವೂ ಕಟ್ಟತಕ್ಕುದಾಗಿ ಕಾಣಿಸಿಕೊಳ್ಳುವುದು.

ಅಣೆಕಟ್ಟುಗಳ ವಿಷಯದಲ್ಲಿ ೨೦೧೪ರಲ್ಲಿ ಆಕ್ಸ್‌ಫರ್ಡಿನಿಂದ ಹೊರಟ ಲೇಖನವು ಹೆಚ್ಚು ಚರ್ಚೆಗೆ ಕಾರಣವಾಯಿತು. ೧೯೩೪ರಿಂದ ೨೦೦೭ರವರೆಗೆ ೬೫ ದೇಶಗಳಲ್ಲಿ ಕಟ್ಟಿದ ೨೪೫ ದೊಡ್ಡ ಅಣೆಕಟ್ಟುಗಳಲ್ಲಿ ವೆಚ್ಚವು ಸರಾಸರಿಯಾಗಿ ನೂರಕ್ಕೆ ೯೬ರಷ್ಟು ಮೀರಿತ್ತು. ಆದರೆ ಎಲ್ಲ ಅಣೆಕಟ್ಟುಗಳನ್ನೂ ಮೀರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ಸಾಲಿನ ನಟ್ಟನಡುವೆ ಇರುವುದನ್ನು ನೋಡಿದರೆ ಅದರ ಮೀರಿಕೆ ನೂರಕ್ಕೆ ೨೭ ಮಾತ್ರ. ಈ ಎರಡು ಸಂಖ್ಯೆಗಳ ಅಂತರವು ಗಮನಾರ್ಹವಾದುದು. ಬಹುಸಂಖ್ಯೆಯ ಕಾರ್ಯಗಳು ಸ್ವಲ್ಪ ತಪ್ಪುವುವು. ಕೆಲವು ಮಾತ್ರ ಘೋರವಾಗಿ ತಪ್ಪಿ ಸರಾಸರಿಯನ್ನೆಲ್ಲ ಮೇಲಕ್ಕೆಳೆಯುವುವು ಎಂಬುದು ಇದರ ಅರ್ಥ. ಆದುದರಿಂದ ಇಲ್ಲಿ ಭಯಪಡತಕ್ಕುದು ಸಾಮಾನ್ಯವಾದ ಸಣ್ಣ ತಪ್ಪಿಗಲ್ಲ. ಅಪೂರ್ವವಾಗಿ ಬಂದು ಬೊಕ್ಕಸವನ್ನು ಬರಿದುಮಾಡುವ ದೊಡ್ಡ ತಪ್ಪಿಗೆ.

ಇದೇ ವಿದ್ವಾಂಸರು ೨೦೨೩ರಲ್ಲಿ ಡ್ಯಾನ್ ಗಾರ್ಡ್‌ನರ್ ಅವರೊಡನೆ ಬರೆದ ಗ್ರಂಥದಲ್ಲಿ ೧೬,೦೦೦ಕ್ಕೂ ಮೇಲ್ಪಟ್ಟ ಕಾರ್ಯಗಳ ಲೆಕ್ಕವಿದೆ. ಹೇಳಿದ ವೆಚ್ಚದಲ್ಲಿ ಹೇಳಿದ ಕಾಲಕ್ಕೆ ಮುಗಿದುವು ನೂರಕ್ಕೆ ೮.೫, ಹೇಳಿದ ಪ್ರಯೋಜನವನ್ನೂ ಕೊಟ್ಟುವು ನೂರಕ್ಕೆ ಅರ್ಧ, ಎಂದರೆ ಇನ್ನೂರರಲ್ಲಿ ಒಂದು.

೩. ದೋಷದ ಮೂಲ

ತಪ್ಪು ಆಗುತ್ತದೆಂಬುದು ಸಿದ್ಧವಾದಮೇಲೆ ಅದು ಏಕೆ ಆಗುತ್ತದೆಂಬ ಪ್ರಶ್ನೆಯು ಏಳುವುದು. ನಮ್ಮ ಶಾಸ್ತ್ರಕಾರರು ಶಬ್ದಪ್ರಮಾಣವನ್ನು ವಿಚಾರಿಸುವಾಗ, ಮನುಷ್ಯನ ಮಾತು ಅಪ್ರಮಾಣವಾಗುವುದಕ್ಕೆ ನಾಲ್ಕು ದೋಷಗಳನ್ನು ಹೇಳಿರುವರು. ಒಂದನ್ನು ಮತ್ತೊಂದಾಗಿ ತಿಳಿಯುವುದು ಭ್ರಮ, ಎಚ್ಚರಗೇಡಿತನವು ಪ್ರಮಾದ, ತಿಳಿದೂ ವಂಚಿಸಬೇಕೆಂಬ ಇಚ್ಛೆಯು ವಿಪ್ರಲಿಪ್ಸಾ, ತಿಳಿಯತಕ್ಕ ಸಾಧನಗಳಿಗೆ ಪಟುತ್ವವಿಲ್ಲದಿರುವುದು ಕರಣಾಪಾಟವ. ಪಾಶ್ಚಾತ್ಯ ವಿದ್ವಾಂಸರು ಅಂದಾಜುಗಳ ತಪ್ಪಿಗೆ ಕೊಟ್ಟಿರುವ ಕಾರಣಗಳನ್ನು ಈ ವಿಭಾಗದಲ್ಲಿ ಅಡಗಿಸಿ ನೋಡಿದರೆ ವಿಷಯವು ಸುಲಭವಾಗಿ ಮನಸ್ಸಿಗೆ ಹತ್ತುವುದು.

ಮೊದಲನೆಯ ವಾದವು ಕರಣಾಪಾಟವವಾದ. ಭೂಮಿಯ ಒಳಗಿನ ಕಲ್ಲು ಮಣ್ಣುಗಳ ಸ್ಥಿತಿಯು ಮೊದಲೇ ಪೂರ್ತಿಯಾಗಿ ತಿಳಿಯದು. ಲೆಕ್ಕಹಾಕುವ ಕ್ರಮಗಳೂ ಸಾಲವು. ಆದುದರಿಂದ ಇಂಜಿನಿಯರುಗಳು ತಪ್ಪುವರೆಂಬುದು ಇದರ ಸಾರ. ಇದಕ್ಕೆ ೨೦೦೨ರ ಲೇಖನವು ಕೊಡುವ ಉತ್ತರವು ಬಲವಾದುದು. ಸಾಧನದ ಕೊರತೆಯಿಂದ ತಪ್ಪಾಗುವುದಾದರೆ ಕೆಲವರು ಹೆಚ್ಚಾಗಿಯೂ ಕೆಲವರು ಕಡಮೆಯಾಗಿಯೂ ತಪ್ಪಬೇಕಾಗಿತ್ತು. ಆದರೆ ತಪ್ಪು ಒಂದೇ ಕಡೆಗೆ ವಾಲಿದೆ. ಸಾಧನವು ಉತ್ತಮವಾದಂತೆ ತಪ್ಪು ಇಳಿಯಬೇಕಾಗಿತ್ತು, ಅದೂ ಇಳಿದಿಲ್ಲ.

ಎರಡನೆಯದು ಭ್ರಮವಾದ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವೆರ್‌ಸ್ಕಿ ಎಂಬವರು ೧೯೭೯ರಲ್ಲಿ ಇದನ್ನು ಪ್ರತಿಪಾದಿಸಿದರು. ಮನುಷ್ಯನು ತಾನು ಕೈಗೊಂಡ ಕಾರ್ಯವನ್ನು ಒಳಗಿನಿಂದ ನೋಡುವನು. ಎಲ್ಲವೂ ಎಣಿಸಿದಂತೆ ನಡೆಯುವುದೆಂಬ ಚಿತ್ರವು ಅವನ ಮುಂದಿರುವುದು. ಅಂತಹವೇ ಆದ ಇತರ ಕಾರ್ಯಗಳು ಹೇಗೆ ಮುಗಿದುವೆಂಬ ಹೊರಗಿನ ನೋಟವು ಅವನಿಗೆ ಹೊಳೆಯುವುದೇ ಇಲ್ಲ. ಇದಕ್ಕೆ ಕಾನಮನ್ ಅವರೇ ಒಂದು ದೃಷ್ಟಾಂತವನ್ನು ಕೊಟ್ಟಿರುವರು. ಇಸ್ರೇಲಿನಲ್ಲಿ ಪ್ರೌಢಶಾಲೆಗಳಿಗೆ ಪಠ್ಯವೊಂದನ್ನು ರಚಿಸಲು ಅವರೂ ಕೆಲವರು ವಿದ್ವಾಂಸರೂ ಸೇರಿದ್ದರು. ಕೆಲಸಕ್ಕೆ ಇನ್ನೆಷ್ಟು ಕಾಲ ಬೇಕೆಂದು ಒಬ್ಬೊಬ್ಬರೂ ಬೇರೆಬೇರೆಯಾಗಿ ಬರೆದಾಗ ಎಲ್ಲರ ಎಣಿಕೆಯೂ ಎರಡು ವರ್ಷಗಳ ಸುತ್ತಮುತ್ತ ಇತ್ತು. ಆಗ ಅವರಲ್ಲಿ ಪಠ್ಯಕ್ರಮದಲ್ಲಿ ನುರಿತ ಒಬ್ಬರನ್ನು, ಇಂತಹ ಇತರ ಮಂಡಲಿಗಳಿಗೆ ಎಷ್ಟು ಕಾಲ ಹಿಡಿಯಿತೆಂದು ಕೇಳಲಾಯಿತು. ಸುಮಾರು ನೂರಕ್ಕೆ ೪೦ ಮಂಡಲಿಗಳು ಕೆಲಸವನ್ನು ಮುಗಿಸಲೇ ಇಲ್ಲವೆಂದೂ, ಮುಗಿಸಿದವರಿಗೆ ಏಳರಿಂದ ಹತ್ತು ವರ್ಷ ಹಿಡಿಯಿತೆಂದೂ ಅವರು ಹೇಳಿದರು. ಇಷ್ಟನ್ನು ತಿಳಿದಿದ್ದ ಅದೇ ವ್ಯಕ್ತಿಯು ಒಂದು ನಿಮಿಷದ ಹಿಂದೆ ತಮ್ಮ ಕೆಲಸವು ಎರಡು ವರ್ಷಗಳಲ್ಲಿ ಮುಗಿಯುವುದೆಂದು ಬರೆದಿದ್ದರು! ಕೊನೆಗೆ ಆ ಪಠ್ಯವು ಮುಗಿದುದು ಎಂಟು ವರ್ಷಗಳಮೇಲೆ. ಅಷ್ಟರಲ್ಲಿ ಅದನ್ನು ಬಳಸುವ ಉತ್ಸಾಹವೇ ಸರ್ಕಾರಕ್ಕೆ ಉಳಿದಿರಲಿಲ್ಲ. ತಿಳಿವಳಿಕೆಯಿದ್ದರೆ ಸಾಲದು, ಅದು ಸಮಯಕ್ಕೆ ಸ್ಮರಣೆಗೆ ಬರಬೇಕೆಂಬುದಕ್ಕೆ ಇದು ಉತ್ತಮ ನಿದರ್ಶನ.

ಮೂರನೆಯದು ವಿಪ್ರಲಿಪ್ಸಾವಾದ. ಕಾರ್ಯವು ಮಂಜೂರಾಗಬೇಕೆಂಬ ಆಶೆಯುಳ್ಳವರು, ನಿಜವಾದ ವೆಚ್ಚವನ್ನು ಹೇಳಿದರೆ ಅನುಮತಿ ದೊರೆಯದೆಂದು ತಿಳಿದು, ಬೇಕೆಂದೇ ಕಡಮೆ ಮಾಡಿ ಹೇಳುವರೆಂಬುದು ಇದರ ಅಭಿಪ್ರಾಯ. ೨೦೦೨ರ ಲೇಖನದ ನಿರ್ಣಯವು ಇದೇ. ಒಮ್ಮೆ ನೆಲವನ್ನು ಅಗೆದಮೇಲೆ ಕಾರ್ಯವನ್ನು ಕೈಬಿಡುವುದು ಯಾವ ಸರ್ಕಾರಕ್ಕೂ ಕಷ್ಟ. ಆದುದರಿಂದ ಮೊದಲು ಹೇಳಿದ ಸುಳ್ಳಿಗೆ ದಂಡವಿಲ್ಲ, ಬಹುಮಾನವೇ ಉಂಟು.

೪. ಪೂರ್ವಪಕ್ಷಗಳು

ಈ ನಿರ್ಣಯವನ್ನು ಎಲ್ಲರೂ ಒಪ್ಪಿರುವರೆಂದು ತಿಳಿಯಬಾರದು. ಮುಖ್ಯವಾದ ಆಕ್ಷೇಪಗಳು ಮೂರು.

ಮೊದಲನೆಯದು, ಯಾವ ಅಂದಾಜಿನಿಂದ ಎಣಿಕೆಯನ್ನು ಮೊದಲುಮಾಡಬೇಕೆಂಬುದು. ಆಸ್ಟ್ರೇಲಿಯದ ಪೀಟರ್ ಲವ್ ಮೊದಲಾದವರು ಹೇಳುವಂತೆ, ಕಟ್ಟಲು ನಿಶ್ಚಯಿಸಿದಾಗ ಇದ್ದ ಸ್ಥೂಲವಾದ ಅಂದಾಜಿಗೂ ಗುತ್ತಿಗೆಯನ್ನು ಕೊಡುವಾಗ ಇರುವ ಸೂಕ್ಷ್ಮವಾದ ಅಂದಾಜಿಗೂ ಬಹಳ ಅಂತರವುಂಟು. ನಡುವೆ ನಿಲ್ದಾಣಗಳು ಹೆಚ್ಚಬಹುದು, ಮಾರ್ಗವು ಬದಲಾಗಬಹುದು. ಹೀಗೆ ಕಾರ್ಯದ ಸ್ವರೂಪವೇ ಬೇರೆಯಾದಾಗ ವೆಚ್ಚವು ಬೆಳೆದುದನ್ನು ಸುಳ್ಳೆನ್ನುವುದು ನ್ಯಾಯವಲ್ಲ.

ಎರಡನೆಯದು ಸೂಕ್ಷ್ಮವಾದುದು. ಇದನ್ನು ಯೋನಾಸ್ ಎಲಿಯಾಸನ್ ಮತ್ತು ಮೋಗೆನ್ಸ್ ಫೋಸ್‌ಗೆರಾವ್ ಎಂಬವರು ೨೦೧೩ರಲ್ಲಿ ಮುಂದಿಟ್ಟರು. ಹತ್ತು ಮಂದಿ ಪ್ರಾಮಾಣಿಕರು ಹತ್ತು ಕಾರ್ಯಗಳಿಗೆ ಅಂದಾಜು ಮಾಡಿದರೆಂದು ಭಾವಿಸೋಣ. ಕೆಲವರು ಅರಿಯದೆ ಹೆಚ್ಚಾಗಿ ಎಣಿಸಿರುವರು, ಕೆಲವರು ಅರಿಯದೆ ಕಡಮೆಯಾಗಿ ಎಣಿಸಿರುವರು. ಸರ್ಕಾರವು ಹತ್ತರಲ್ಲಿ ಲಾಭಕರವಾಗಿ ಕಂಡ ಎರಡನ್ನು ಆರಿಸುವುದು. ಆರಿಸಲ್ಪಡುವುವು ಯಾವುವು? ಬಹುಶಃ ಕಡಮೆಯಾಗಿ ಎಣಿಸಲ್ಪಟ್ಟುವೇ. ಕಟ್ಟಿದಮೇಲೆ ಅವುಗಳ ವೆಚ್ಚವು ಮೀರುವುದು ಸಹಜ. ಇಲ್ಲಿ ಯಾರೂ ವಂಚಿಸಲಿಲ್ಲ. ಆರಿಸುವ ಕ್ರಮವೇ ತಪ್ಪನ್ನು ಸೋಸಿ ಒಂದು ಕಡೆಗೆ ಶೇಖರಿಸಿತು. ತಪ್ಪು ಒಂದೇ ಕಡೆಗೆ ವಾಲಿರುವುದರಿಂದ ವಂಚನೆಯನ್ನು ಅನುಮಾನಿಸುವ ಹೇತುವು ಹೀಗೆ ವ್ಯಭಿಚರಿಸುವುದು. ವಂಚನೆ ಇಲ್ಲವೆಂದು ಇದರಿಂದ ಸಿದ್ಧಿಸದು. ಆ ಹೇತುವೊಂದರಿಂದಲೇ ವಂಚನೆಯನ್ನು ಸಾಧಿಸಲಾಗದೆಂಬಷ್ಟು ಸಿದ್ಧಿಸುವುದು.

ಮೂರನೆಯದು ಹಳೆಯ ಆಕ್ಷೇಪ; ಆದರೆ ಮನೋಹರವಾದುದು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ ಅವರು ೧೯೬೭ರ ತಮ್ಮ ಗ್ರಂಥದಲ್ಲಿ, ತೊಂದರೆಗಳು ಮೊದಲೇ ತಿಳಿಯದಿರುವುದು ಒಂದು ಭಾಗ್ಯವೆಂದರು. ತಿಳಿದಿದ್ದರೆ ಯಾರೂ ಕೈಹಾಕುತ್ತಿರಲಿಲ್ಲ. ಕೈಹಾಕಿದಮೇಲೆ ತೊಂದರೆಯು ಬಂದಾಗ ಮನುಷ್ಯನ ಬುದ್ಧಿಯು ಎಚ್ಚೆತ್ತು ಉಪಾಯವನ್ನು ಕಂಡುಕೊಳ್ಳುವುದು. ಅವರ ದೃಷ್ಟಾಂತವು ಆಗಿನ ಪೂರ್ವಪಾಕಿಸ್ತಾನದ, ಈಗಿನ ಬಾಂಗ್ಲಾದೇಶದ, ಕರ್ಣಫುಲಿ ಕಾಗದದ ಕಾರ್ಖಾನೆ. ಅದನ್ನು ಬಿದಿರುಕಾಡನ್ನು ನಂಬಿ ಕಟ್ಟಿದರು. ಕಟ್ಟಿ ಸ್ವಲ್ಪ ಕಾಲದಲ್ಲೇ ಬಿದಿರು ಹೂಬಿಟ್ಟಿತು. ಹೂಬಿಟ್ಟ ಬಿದಿರು ಸಾಯುವುದೆಂಬುದನ್ನು ಮಲೆನಾಡಿನ ವಾಚಕರಿಗೆ ಹೇಳಬೇಕಾದುದಿಲ್ಲ. ಕಾರ್ಖಾನೆಯವರು ಧೃತಿಗೆಡದೆ ಬೇರೆ ಪ್ರಾಂತಗಳಿಂದ ಬಿದಿರನ್ನು ತರಿಸಿ, ಬೇರೆ ಕಚ್ಚಾಸಾಮಗ್ರಿಗಳನ್ನೂ ಹುಡುಕಿ ಕೆಲಸವನ್ನು ಉಳಿಸಿಕೊಂಡರು.

ಈ ಮಾತು ಧೈರ್ಯವನ್ನು ಕೊಡುವುದಾದರೂ, ಹರ್ಷ್‌ಮನ್ ಅವರು ನೋಡಿದ ಕಾರ್ಯಗಳು ಹನ್ನೊಂದು ಮಾತ್ರ. ೨,೦೬೨ ಕಾರ್ಯಗಳನ್ನು ತೆಗೆದುಕೊಂಡು ೨೦೧೬ರಲ್ಲಿ ಫ್ಲ್ಯೂಬ್ಯಾರ್ಗ್ ಅವರು ಪರೀಕ್ಷಿಸಿದಾಗ, ಮೀರಿದ ವೆಚ್ಚವನ್ನು ಮೀರಿದ ಪ್ರಯೋಜನವು ತುಂಬಿಕೊಟ್ಟುದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರವೆಂದು ಕಂಡುಬಂದಿತು. ಕತ್ತಲಲ್ಲಿ ಹಾರಿದವರಲ್ಲಿ ಬದುಕಿದವನ ಕಥೆಯನ್ನು ಕೇಳಿ ಎಲ್ಲರೂ ಹಾರತಕ್ಕುದಲ್ಲ.

೫. ಸಜಾತೀಯವರ್ಗದಿಂದ ಅನುಮಾನ

ಮೂಲವು ಭ್ರಮವೋ ವಿಪ್ರಲಿಪ್ಸೆಯೋ ಹೇಗಾದರೂ ಇರಲಿ, ಪರಿಹಾರವೊಂದನ್ನು ಈ ವಿದ್ವಾಂಸರು ಹೇಳಿರುವರು. ಅದರ ಕ್ರಮವಿದು. ಕೈಗೊಳ್ಳಬೇಕಾದ ಕಾರ್ಯವು ಯಾವ ಜಾತಿಗೆ ಸೇರಿದುದೆಂದು ನಿಶ್ಚಯಿಸಬೇಕು. ಆ ಜಾತಿಯ ಮುಗಿದ ಕಾರ್ಯಗಳಲ್ಲಿ ವೆಚ್ಚವು ಎಷ್ಟೆಷ್ಟು ಮೀರಿತೆಂದು ಸಾಲಾಗಿ ಬರೆಯಬೇಕು. ಆ ಸಾಲಿನಲ್ಲಿ ಎಷ್ಟು ಭದ್ರತೆ ಬೇಕೋ ಅಷ್ಟಕ್ಕೆ ತಕ್ಕಂತೆ ಅಂದಾಜನ್ನು ಹೆಚ್ಚಿಸಬೇಕು. ಬ್ರಿಟಿಷ್ ಸರ್ಕಾರದ ಸಾರಿಗೆ ಇಲಾಖೆಯು ೨೦೦೪ರಲ್ಲಿ ಇದನ್ನು ಅಂಗೀಕರಿಸಿತು. ಆಗಿನ ಪಟ್ಟಿಯಂತೆ, ರೈಲುಮಾರ್ಗದ ಅಂದಾಜು ಮೀರುವ ಸಂಭವವು ಅರ್ಧಕ್ಕರ್ಧವಿದ್ದರೂ ಚಿಂತೆಯಿಲ್ಲವೆಂಬವರು ಅದಕ್ಕೆ ನೂರಕ್ಕೆ ೪೦ ಸೇರಿಸಬೇಕು. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ಅಪಾಯವನ್ನು ಒಲ್ಲದವರು ೫೭ ಸೇರಿಸಬೇಕು. ರಸ್ತೆಗಳಿಗೆ ಈ ಸಂಖ್ಯೆಗಳು ಕ್ರಮವಾಗಿ ೧೫ ಮತ್ತು ೩೨.

ನ್ಯಾಯಶಾಸ್ತ್ರದ ಪರಿಚಯವುಳ್ಳವರಿಗೆ ಇದು ಹೊಸದಾಗಿ ತೋರದು. ಪಕ್ಷವನ್ನು ಮಾತ್ರ ನೋಡದೆ ಸಪಕ್ಷಗಳನ್ನು ನೋಡಿ ವ್ಯಾಪ್ತಿಯನ್ನು ಗ್ರಹಿಸುವುದೇ ಅನುಮಾನದ ಜೀವ. ಆದರೆ ಅಲ್ಲಿರುವ ತೊಡಕೂ ಇಲ್ಲಿ ಉಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂಬವನಿಗೆ, ಹಸಿಯ ಸೌದೆಯೆಂಬ ಉಪಾಧಿಯು ಸೇರಿದಾಗ ಮಾತ್ರ ಹೊಗೆಯೆಂದು ತೋರಿಸಿ ವ್ಯಾಪ್ತಿಯನ್ನು ಮುರಿಯುವರು. ಹಾಗೆಯೇ, ಊರಿನ ಇಕ್ಕಟ್ಟಾದ ಬೀದಿಯಲ್ಲಿ ಹಾಕುವ ಟ್ರಾಮುಮಾರ್ಗವನ್ನು ಬಯಲಿನಲ್ಲಿ ಹಾಕುವ ರೈಲುಮಾರ್ಗದ ಜಾತಿಗೆ ಸೇರಿಸಿದರೆ ಅನುಮಾನವು ಸೋಪಾಧಿಕವಾಗುವುದು. ವರ್ಗವನ್ನು ಸರಿಯಾಗಿ ಆರಿಸುವುದರಲ್ಲೇ ಈ ಕ್ರಮದ ಬಲವೂ ದೌರ್ಬಲ್ಯವೂ ಇರುವುದು.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಟ್ರಾಮುಮಾರ್ಗವು ಇದಕ್ಕೆ ಸಾಕ್ಷಿ. ೨೦೦೪ರಲ್ಲಿ ಕಾರ್ಯಕರ್ತರ ಅಂದಾಜು, ಅನಿರೀಕ್ಷಿತ ವೆಚ್ಚಕ್ಕೆಂದು ಇಟ್ಟುದೂ ಸೇರಿ, ೩೨ ಕೋಟಿ ಪೌಂಡು. ಸಜಾತೀಯವರ್ಗದ ಕ್ರಮವನ್ನು ಮೊದಲಬಾರಿಗೆ ಪ್ರಯೋಗಿಸಿ ನೋಡಿದವರು, ಐದರಲ್ಲಿ ನಾಲ್ಕು ಪಾಲು ಭದ್ರತೆ ಬೇಕಾದರೆ ಸುಮಾರು ೪೦ ಕೋಟಿ ಬೇಕೆಂದರು. ೨೦೧೪ರ ಮೇ ತಿಂಗಳಲ್ಲಿ ಮಾರ್ಗವು ತೆರೆದಾಗ ಆಗಿದ್ದ ವೆಚ್ಚವು ೭೭ ಕೋಟಿ ೬೦ ಲಕ್ಷ ಪೌಂಡು. ಅದೂ ಮೊದಲು ಹೇಳಿದ್ದ ನ್ಯೂಹೇವನ್ನಿನವರೆಗೆ ಹೋಗದೆ ನಡುವೆ ನಿಂತ ಮಾರ್ಗಕ್ಕೆ. ಉಳಿದ ಭಾಗವು ತೆರೆದುದು ೨೦೨೩ರಲ್ಲಿ. ಬೀದಿಯಡಿಯ ನೀರಿನ ಮತ್ತು ಅನಿಲದ ಕೊಳವೆಗಳನ್ನು ಸರಿಸುವ ಕಷ್ಟವೂ, ಗುತ್ತಿಗೆದಾರರೊಡನೆ ಬೆಳೆದ ವ್ಯಾಜ್ಯವೂ ಕಾರ್ಯವನ್ನು ಕುಗ್ಗಿಸಿದುವು. ಹೊಸ ಕ್ರಮದ ಎಣಿಕೆಯು ಸತ್ಯಕ್ಕೆ ಸಮೀಪವಾಗಿದ್ದಿತಾದರೂ ಸತ್ಯವನ್ನು ಮುಟ್ಟಲಿಲ್ಲ. ಅಂದಾಜು ಸರಿಯಾದ ಮಾತ್ರಕ್ಕೆ ಕಾರ್ಯವು ಸಿದ್ಧಿಸದು. ಅದನ್ನು ನಡೆಸುವ ನಾಯಕತ್ವವು ಬೇಕೆಂಬುದು ಇದರಿಂದ ವ್ಯಕ್ತವಾಗುವುದು.

೬. ನಾಯಕತ್ವದ ಲಕ್ಷಣಗಳು

ಈ ಕಾರಣದಿಂದಲೇ ಪರಿಶೋಧನೆಯು ಅಂದಾಜಿನಿಂದ ನಾಯಕತ್ವದ ಕಡೆಗೆ ತಿರುಗಿತು. ೨೦೦೯ರಲ್ಲಿ ಫ್ಲ್ಯೂಬ್ಯಾರ್ಗ್ ಅವರು ಆಕ್ಸ್‌ಫರ್ಡಿಗೆ ಬಂದು ಮಹಾಕಾರ್ಯನಿರ್ವಾಹದ ಪೀಠವನ್ನು ವಹಿಸಿಕೊಂಡರು. ಸರ್ಕಾರದ ದೊಡ್ಡ ಕಾರ್ಯಗಳನ್ನು ನಡೆಸುವ ಅಧಿಕಾರಿಗಳ ಶಿಕ್ಷಣಕ್ಕಾಗಿ ಬ್ರಿಟಿಷ್ ಸರ್ಕಾರವು ೨೦೧೨ರಲ್ಲಿ ಅದೇ ವಿಶ್ವವಿದ್ಯಾನಿಲಯದ ನೆರವಿನಿಂದ ಒಂದು ವಿದ್ಯಾಪೀಠವನ್ನು ತೆರೆಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಮೆಗಾ ಕೇಂದ್ರವು ಹತ್ತು ದೇಶಗಳ ೩೦ ಸಾರಿಗೆ ನಿರ್ಮಾಣಗಳನ್ನು ಪರೀಕ್ಷಿಸಿ, ವೆಚ್ಚ ಮತ್ತು ಕಾಲಗಳಿಂದ ಮಾತ್ರ ಕಾರ್ಯವನ್ನು ಅಳೆಯಬಾರದು, ಅದು ನಾಡಿನ ಬಾಳಿನಲ್ಲಿ ತಂದ ಮಾರ್ಪಾಟನ್ನೂ ಎಣಿಸಬೇಕೆಂದು ಹೇಳಿತು.

ನಾಯಕತ್ವವು ಹೇಗಿರಬೇಕೆಂಬುದನ್ನು ನಡೆದ ಕಾರ್ಯಗಳಿಂದಲೇ ತಿಳಿಯುವುದು ಲೇಸು. ಲಂಡನ್ನಿನ ಹೀತ್ರೋ ವಿಮಾನನಿಲ್ದಾಣದ ಐದನೆಯ ಕಟ್ಟಡವನ್ನು ಕಟ್ಟುವ ಮುನ್ನ, ಅದರ ಒಡೆಯರು ತಮ್ಮ ದೇಶದ ದೊಡ್ಡ ಕಟ್ಟಡಗಳ ಮತ್ತು ಇತರ ದೇಶಗಳ ವಿಮಾನನಿಲ್ದಾಣಗಳ ಚರಿತ್ರೆಯನ್ನು ತರಿಸಿ ನೋಡಿದರು. ರೂಢಿಯಂತೆ ಕಟ್ಟಿದರೆ ವೆಚ್ಚವೂ ಕಾಲವೂ ಮೀರುವುದು ನಿಶ್ಚಯವೆಂದು ಕಂಡಿತು. ಆಗ ಅವರು ರೂಢಿಯನ್ನೇ ಬದಲಿಸಿದರು. ನಷ್ಟದ ಹೊಣೆಯನ್ನು ಗುತ್ತಿಗೆದಾರರ ಮೇಲೆ ಹೊರಿಸದೆ ತಾವೇ ಹೊತ್ತರು. ಗುತ್ತಿಗೆದಾರರಿಗೆ ಆದ ವೆಚ್ಚವನ್ನು ಕೊಟ್ಟು, ಒಳ್ಳೆಯ ಕೆಲಸಕ್ಕೆ ಹೆಚ್ಚು ಲಾಭವನ್ನು ಕೊಟ್ಟರು. ತೊಂದರೆಯನ್ನು ಹೇಳಿದವನಿಗೆ ನಷ್ಟವಿಲ್ಲವೆಂದಾದಮೇಲೆ ತೊಂದರೆಗಳು ಬೇಗನೆ ಬೆಳಕಿಗೆ ಬಂದುವು. ಆಂಡ್ರೂ ಡೇವೀಸ್ ಮೊದಲಾದ ವಿದ್ವಾಂಸರು ೨೦೦೯ರಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿರುವರು. ೪೩೦ ಕೋಟಿ ಪೌಂಡಿನ ಈ ಕಟ್ಟಡವು ೨೦೦೮ರ ಮಾರ್ಚಿ ೨೭ರಂದು ಹೇಳಿದ ದಿನಕ್ಕೆ ಸರಿಯಾಗಿ ತೆರೆಯಿತು. ಆದರೆ ಅದೇ ದಿನ ಸಾಮಾನು ಸಾಗಿಸುವ ವ್ಯವಸ್ಥೆಯು ಕೆಟ್ಟು, ಆ ದಿನವೂ ಮುಂದಿನ ದಿನಗಳಲ್ಲಿಯೂ ನೂರಾರು ವಿಮಾನಯಾನಗಳು ರದ್ದಾದುವು. ಕಟ್ಟುವುದು ಬೇರೆ, ಕಟ್ಟಿದುದನ್ನು ಬಳಕೆಗೆ ತರುವುದು ಬೇರೆ. ಎರಡನೆಯದಕ್ಕೂ ಮೊದಲನೆಯದಕ್ಕೆ ಕೊಟ್ಟಷ್ಟೇ ಗಮನವನ್ನು ಕೊಡತಕ್ಕುದು.

ಸ್ಪೇನಿನ ಮ್ಯಾಡ್ರಿಡ್ ನಗರದ ಭೂಗತ ರೈಲು ಮತ್ತೊಂದು ನಿದರ್ಶನ. ಮಾನ್ವೆಲ್ ಮೆಲಿಸ್ ಎಂಬವರ ಮುಂದಾಳ್ತನದಲ್ಲಿ ೧೯೯೫ರಿಂದ ೨೦೦೩ರವರೆಗೆ ೧೩೧ ಕಿಲೋಮೀಟರು ಮಾರ್ಗವೂ ೭೬ ನಿಲ್ದಾಣಗಳೂ ನಿರ್ಮಿತವಾದುವು. ಅವರು ಹಿಡಿದ ನಿಯಮಗಳು ಸರಳವಾದುವು: ನಿಲ್ದಾಣಗಳು ಒಂದೇ ಮಾದರಿಯವಾಗಿರಲಿ, ಕೀರ್ತಿಗಾಗಿ ಕಟ್ಟುವ ವೈಭವವು ಬೇಡ, ಪರೀಕ್ಷಿತವಲ್ಲದ ಹೊಸ ಯಂತ್ರಗಳೂ ಬೇಡ, ಸುರಂಗವನ್ನು ಕೊರೆಯುವ ಯಂತ್ರಗಳು ಒಂದೆರಡಲ್ಲ, ಹಲವು ಏಕಕಾಲದಲ್ಲಿ ಕೆಲಸಮಾಡಲಿ. ಒಂದೇ ಕೆಲಸವನ್ನು ಪುನಃಪುನಃ ಮಾಡುವುದರಿಂದ ಕೈಪಳಗುವುದೆಂಬುದು ಇದರ ರಹಸ್ಯ.

ಇದಕ್ಕೆ ಪ್ರತಿಯಾದ ದೃಷ್ಟಾಂತವು ಲಂಡನ್ನಿನ ಕ್ರಾಸ್‌ರೈಲ್. ಅದು ೨೦೧೮ರ ಡಿಸೆಂಬರಿನಲ್ಲಿ ತೆರೆಯಬೇಕಾಗಿತ್ತು. ಬಹುಕಾಲದವರೆಗೆ ಎಲ್ಲವೂ ಸರಿಯಾಗಿದೆಯೆಂದೇ ಹೇಳುತ್ತ ಬಂದು, ಆಗಸ್ಟಿನಲ್ಲಿ, ಎಂದರೆ ಕೇವಲ ನಾಲ್ಕು ತಿಂಗಳಿರುವಾಗ, ತಡವಾಗುವುದೆಂದು ಪ್ರಕಟಿಸಿದರು. ಮಾರ್ಗವು ತೆರೆದುದು ೨೦೨೨ರ ಮೇ ೨೪ರಂದು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧಕರು ೨೦೧೯ರ ವರದಿಯಲ್ಲಿ, ನಿಗದಿಯಾದ ದಿನವೊಂದನ್ನೇ ಕಣ್ಣಮುಂದಿಟ್ಟುಕೊಂಡು, ಆಗುವುದೆಂಬ ಹಟದಲ್ಲಿ ಆಗದೆಂಬ ಸೂಚನೆಗಳನ್ನು ಕಡೆಗಣಿಸಿದುದನ್ನು ತೋರಿಸಿರುವರು. ಸುರಂಗಗಳನ್ನು ಕೊರೆಯುವುದು ಆಗಲೇ ಮುಗಿದಿತ್ತು. ಉಳಿದಿದ್ದುದು ಬಂಡಿಗಳನ್ನೂ ಸಂಕೇತಯಂತ್ರಗಳನ್ನೂ ನಿಲ್ದಾಣಗಳನ್ನೂ ಒಂದಾಗಿ ಹೊಂದಿಸುವ ಕೆಲಸ. ಕಣ್ಣಿಗೆ ಕಾಣುವ ಕಷ್ಟವನ್ನು ಗೆದ್ದವರು ಕಾಣದ ಕಷ್ಟಕ್ಕೆ ಸೋತರು.

೭. ಉಪಸಂಹಾರ

ಈ ದೃಷ್ಟಾಂತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಾಮಾನ್ಯಲಕ್ಷಣವು ತೋರುವುದು. ಕಾರ್ಯವು ಚೆನ್ನಾಗಿ ನಡೆದ ಕಡೆಗಳಲ್ಲಿ ಅಹಿತವಾದ ಸತ್ಯವು ಕೆಳಗಿನವನಿಂದ ಮೇಲಿನವನಿಗೆ ತಡೆಯಿಲ್ಲದೆ ಹೋಗುತ್ತಿತ್ತು. ಕೆಟ್ಟ ಕಡೆಗಳಲ್ಲಿ ಅದು ನಡುವೆ ಎಲ್ಲೋ ನಿಲ್ಲುತ್ತಿತ್ತು. ಆದುದರಿಂದ ಮಹಾಕಾರ್ಯದ ನಾಯಕನ ಮೊದಲನೆಯ ಗುಣವು ಸಾಹಸವಲ್ಲ, ಆಪ್ತತ್ವ. ಎಂದರೆ ಕಂಡುದನ್ನು ಕಂಡಂತೆ ಹೇಳುವುದು, ಹೇಳುವವರನ್ನು ಕಾಪಾಡುವುದು. ನಾಲ್ಕು ದೋಷಗಳಲ್ಲಿ ಕರಣಾಪಾಟವವನ್ನು ಇಂಜಿನಿಯರ ಸಾಧನಗಳು ಕಳೆಯುವುವು. ಭ್ರಮವನ್ನು ಸಜಾತೀಯವರ್ಗದ ಲೆಕ್ಕವು ಕಳೆಯುವುದು. ಪ್ರಮಾದವನ್ನು ದಿನದಿನದ ಎಚ್ಚರವು ಕಳೆಯುವುದು. ವಿಪ್ರಲಿಪ್ಸೆಯನ್ನು ಕಳೆಯಲು ಮಾತ್ರ ಪ್ರಶ್ನಿಸುವ ಜನರು ಬೇಕು.

ಆ ಪ್ರಶ್ನೆಗಳು ಕಠಿನವಾದುವಲ್ಲ. ಯಾವ ದೇಶದಲ್ಲಾಗಲಿ, ಹೊಸ ಮಾರ್ಗಕ್ಕೋ ಅಣೆಕಟ್ಟಿಗೋ ಅಂದಾಜುಪಟ್ಟಿಯು ಪ್ರಕಟವಾದಾಗ ಮೂರನ್ನು ಕೇಳಿದರೆ ಸಾಕು. ಇದೇ ಜಾತಿಯ ಮುಗಿದ ಕಾರ್ಯಗಳಲ್ಲಿ ಅಂದಾಜು ಎಷ್ಟು, ಆದುದು ಎಷ್ಟು? ಈ ಅಂದಾಜು ಮೀರಿದರೆ ನಷ್ಟವನ್ನು ಹೊರುವವರು ಯಾರು? ಅಂದಾಜನ್ನು ಮಾಡಿದವರಿಗೆ ಕಾರ್ಯವು ಮಂಜೂರಾಗುವುದರಿಂದ ಲಾಭವುಂಟೇ? ಈ ಮೂರಕ್ಕೂ ಬರಹದಲ್ಲಿ ಉತ್ತರವು ದೊರೆತ ಕಡೆ ಶಂಕುಸ್ಥಾಪನೆಗೆ ತಡಮಾಡಬೇಕಾದುದಿಲ್ಲ. ದೊರೆಯದ ಕಡೆ ಒಂದು ವರ್ಷ ತಡೆದರೂ ನಾಡಿಗೆ ಆಗುವ ನಷ್ಟವು ಅಲ್ಪ.